ಫೋನ್ ಚಾರ್ಜ್ 80ಕ್ಕೇ ನಿಲ್ಲಿಸಿದರೆ ಬ್ಯಾಟರಿ ಜಾಸ್ತಿ ಬಾಳಿಕೆ ಬರುತ್ತದೆಯೇ?

80 ಆದ ಕೂಡಲೇ ಕಿರುಚುವ ಅಲಾರಂ, ರಾತ್ರಿ ಎದ್ದು ಚಾರ್ಜರ್ ಕೀಳುವುದು, 20ಕ್ಕಿಂತ ಇಳಿದರೆ ಗಾಬರಿ. ಈ ಪ್ರಶ್ನೆ ಕೇಳುತ್ತಾ ನೀವು ಬರೆದಿರುವ ಇದೆಲ್ಲವನ್ನೂ ನಾನೂ ಮಾಡಿದ್ದೇನೆ. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವನು ನಾನು. ಫೋನ್ ಸತ್ತರೆ ಆ ದಿನದ ದುಡಿಮೆಯೂ ಸತ್ತ ಹಾಗೆ. ಊಟದ ಮಧ್ಯೆ ಎದ್ದು ಹೋಗಿ ಪಿನ್ ತೆಗೆಯುತ್ತಿದ್ದೆ, ಮನೆಯಲ್ಲಿ ಎಲ್ಲರೂ ನಗುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ವರ್ಷ ತುಂಬುವ ಮೊದಲೇ ಬ್ಯಾಟರಿ ಉಬ್ಬಿತು. ಅದರ ಒತ್ತಡಕ್ಕೆ ಡಿಸ್‌ಪ್ಲೇ ಒಂದು ಕಡೆ ಮೇಲೆದ್ದು ಬಂತು. ಎರಡೂ ಬದಲಾಯಿಸಬೇಕಾಯಿತು.

ಯಾಕೆ ಹೀಗಾಯಿತು ಅಂತ ಬಿಡಿಸಿ ಹೇಳುತ್ತೇನೆ, ನನ್ನ ದುಡ್ಡು ಹೋಗಿದ್ದೇ ಇಲ್ಲಿ. ಹೋಲ್ಡರನ್ನು ಮುಂದಿನ ಗಾಜಿಗೆ ಅಂಟಿಸಿದ್ದೆ. ಮ್ಯಾಪ್ ಸದಾ ಆನ್. ಬಿಸಿಲಲ್ಲಿ ಕಾಣಲಿ ಅಂತ ಬ್ರೈಟ್‌ನೆಸ್ ಪೂರ್ತಿ. ಬಿದ್ದರೆ ಒಡೆಯಬಾರದು ಅಂತ ದಪ್ಪ ರಬ್ಬರ್ ಕವರ್. ಗಿರಾಕಿ ಇಲ್ಲದಾಗ ಏಸಿ ಆಫ್, ಡೀಸೆಲ್ ಉಳೀಬೇಕಲ್ಲ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತಾಗ ಫೋನ್ ಮುಟ್ಟಿದರೆ ಕೈ ಚುರುಕ್ ಅನ್ನುತ್ತಿತ್ತು. ನಮ್ಮೂರು ತಂಪು ಅನ್ನೋದು ನೆರಳಿನಲ್ಲಿ ಕೂತವರ ಮಾತು. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ಸುಲಭವಾಗಿ ದಾಟುತ್ತದೆ. 'ಬಿಸಿ ಜಾಸ್ತಿಯಾಗಿದೆ, ಚಾರ್ಜಿಂಗ್ ನಿಲ್ಲಿಸಲಾಗಿದೆ' ಅಂತ ಫೋನೇ ತೋರಿಸುತ್ತಿತ್ತು. ನಾನು ಕಾರಿನ ಚಾರ್ಜರ್ ಕೆಟ್ಟಿದೆ ಅಂದುಕೊಂಡೆ. ಹೋಗಿ ಇನ್ನೂ ಜೋರಾದ ಫಾಸ್ಟ್ ಚಾರ್ಜರ್ ತಂದು ಚುಚ್ಚಿದೆ! ಆಗಲೂ 80ಕ್ಕೆ ಸರಿಯಾಗಿ ಕೀಳುತ್ತಿದ್ದೆ ಅನ್ನಿ.

ಎಸ್.ಪಿ. ರೋಡಿನ ರಿಪೇರಿ ಹುಡುಗ ಫೋನ್ ಕೈಗೆ ತೆಗೆದುಕೊಂಡವನೇ, "ಗಾಡಿ ಓಡಿಸ್ತೀರಾ ಅಣ್ಣ?" ಅಂದ. ಬೇಸಿಗೆಯಲ್ಲಿ ಇಂಥವು ಬರ್ತಾನೇ ಇರ್ತವಂತೆ.

ಲಿಥಿಯಂ ಅಯಾನ್ ಬ್ಯಾಟರಿಯ ಒಳಗಿರುವ ದ್ರವ ಬಿಸಿಗೆ ಬೇಗ ಕೆಡುತ್ತದೆ, ಗ್ಯಾಸ್ ಹುಟ್ಟುತ್ತದೆ. ಉಬ್ಬುವುದು ಅದರಿಂದಲೇ. ಫುಲ್ ಚಾರ್ಜ್ ಆದ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಒಂದು ವರ್ಷ ಸುಮ್ನೆ ಇಟ್ಟರೆ ಅದರ ಸಾಮರ್ಥ್ಯ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. 40 ಡಿಗ್ರಿಯಲ್ಲಿ ಇಟ್ಟರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗವೇ ಹೋಗುತ್ತದೆ. 80ರ ಲೆಕ್ಕ ಸುಳ್ಳಲ್ಲ, ಆದರೆ ಫೋನ್ ಬಿಸಿಯಲ್ಲೇ ಇದ್ದರೆ ಅದೊಂದರಿಂದ ಬ್ಯಾಟರಿ ಉಳಿಯುವುದಿಲ್ಲ. ಎಷ್ಟಕ್ಕೆ ತೆಗೆಯಬೇಕು ಅಂತ ಕೇಳಿದ್ದೀರಿ, ಫೋನ್ ಎಲ್ಲಿರುತ್ತದೆ ಅಂತ ಒಂದು ಮಾತೂ ಬರೆದಿಲ್ಲ, ಅಲ್ವಾ?

ಈಗ ನನ್ನ ಹೋಲ್ಡರ್ ಏಸಿ ಗಾಳಿ ಬರುವ ಕಿಂಡಿಗೆ ಬಂದಿದೆ, ತೆಳು ಕವರ್. ರಾತ್ರಿ ಚಾರ್ಜಿಗೆ ಹಾಕಿ ಮಲಗುತ್ತೇನೆ. ಫುಲ್ ಆದ ಮೇಲೆ ಫೋನೇ ಕರೆಂಟು ತಡೆಯುತ್ತದೆ, 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಈಗ ಎಷ್ಟೋ ಫೋನ್‌ಗಳಲ್ಲಿದೆ. ದಿಂಬಿನ ಕೆಳಗೆ, ಹಾಸಿಗೆ ಮೇಲೆ ಮಾತ್ರ ಬೇಡ. 0ಗೆ ಇಳಿಸಿ ಆಮೇಲೆ ಫುಲ್ ಮಾಡು ಅಂತ ಯಾರೋ ಹೇಳಿದರು ಅಂತ ಬರೆದಿದ್ದೀರಿ. ಅದು ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಲಿಥಿಯಂಗೆ ಪೂರ್ತಿ ಖಾಲಿಯಾಗುವುದೇ ಕೆಟ್ಟದ್ದು. ಹಳೇ ಫೋನೋ ಲ್ಯಾಪ್‌ಟಾಪೋ ಎತ್ತಿಡುವುದಿದ್ದರೆ ಅರ್ಧ ಚಾರ್ಜ್‌ನಲ್ಲಿ ಆಫ್ ಮಾಡಿ ಇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಲೂಬೇಡಿ.

ಅಂದಹಾಗೆ, ಇದನ್ನೆಲ್ಲ ಮನೆಯ ಯುಪಿಎಸ್ ಬ್ಯಾಟರಿಗೆ ಅನ್ವಯಿಸಬೇಡಿ. ಸೀಸದ ಆ ದೊಡ್ಡ ಬ್ಯಾಟರಿಯದು ಉಲ್ಟಾ ಸ್ವಭಾವ, ಅರ್ಧ ಚಾರ್ಜ್‌ನಲ್ಲಿ ಬಿಟ್ಟರೂ ಬೇಗ ಹಾಳು. ಅದು ಯಾವಾಗಲೂ ಫುಲ್ ಇರಲಿ, ಡಿಸ್ಟಿಲ್ಡ್ ವಾಟರ್ ಮಟ್ಟ ಆಗಾಗ ನೋಡ್ತಾ ಇರಿ.