ಗಂಡ ಹೆಂಡತಿ ಇಬ್ಬರೂ ಡ್ಯೂಟಿಗೆ ಹೋಗುವ ಮನೆಯಲ್ಲಿ ಕ್ರಿಸ್ಮಸ್ ಕೆಲಸ ಹೇಗೆ ಸಾಗಿಸುತ್ತೀರಿ?

ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಡಿಸೆಂಬರ್ ಬಂತೆಂದರೆ ಸಂತೋಷಕ್ಕಿಂತ ಹೆದರಿಕೆಯೇ ಜಾಸ್ತಿ ಎಂದು ಬರೆದಿದ್ದೀರಿ. ಹಬ್ಬದ ದಿನವೇ ಗಂಡನಿಗೆ ರಜೆ ಸಿಗದಿದ್ದರೆ ಏನು ಮಾಡೋದು ಅಂತಲೂ ಕೇಳಿದ್ದೀರಿ. ಓದುವಾಗ ನಮ್ಮ ಮನೆ ಕಥೆಯನ್ನೇ ಯಾರೋ ಬರೆದಂತೆ ಅನಿಸಿತು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಾವು ಬೀದರಿನವರು. ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚಿಗೆ ಹೋಗುತ್ತೇವೆ. ನಿಜಾಮರ ಆಳ್ವಿಕೆ ಇದ್ದ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಗೆ, ಅಮೆರಿಕದ ಮಿಷನರಿಗಳು ಈ ಕಡೆ ಬಂದರು. ನಮ್ಮ ಮನೆತನದಲ್ಲಿ ಕ್ರಿಸ್ಮಸ್ ಮಾಡುತ್ತಿರುವ ನಾಲ್ಕನೇ ತಲೆಮಾರು ನಮ್ಮದು. ನಾನು ಸ್ಟಾಫ್ ನರ್ಸ್. ನಮ್ಮ ಮನೆಯವರು ಬಸ್ ಡ್ರೈವರ್, ಬೀದರ್–ಹೈದರಾಬಾದ್ ಗಾಡಿ ಓಡಿಸುತ್ತಾರೆ. ಹಬ್ಬ ಹತ್ತಿರ ಬಂದಷ್ಟೂ ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಜನ ಊರಿಗೆ ಬರುತ್ತಾರೆ, ಗಾಡಿ ತುಂಬಿ ತುಳುಕುತ್ತದೆ. ಹಾಗಾಗಿ ಎಲ್ಲರಿಗೂ ರಜೆ ಬೇಕಾದ ದಿನ ಅವರಿಗೆ ರಜೆ ಇರುವುದಿಲ್ಲ. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. ಜೊತೆಗೆ ನಮ್ಮ ಅತ್ತೆ ಇದ್ದಾರೆ.

ಮೊದಲು ನಾನು ಎಲ್ಲವನ್ನೂ ಒಬ್ಬಳೇ ಮಾಡಬೇಕು ಅಂದುಕೊಂಡಿದ್ದೆ. ಸುಣ್ಣ ಬಣ್ಣ, ಪರದೆ ಒಗೆಯೋದು, ಮಕ್ಕಳ ಬಟ್ಟೆ, ಕೇಕು, ನಾಲ್ಕೈದು ಬಗೆಯ ತಿಂಡಿ, ಇಪ್ಪತ್ತೈದರ ಅಡುಗೆ. ನಮ್ಮ ಅಮ್ಮ ಮಾಡುತ್ತಿದ್ದಳು, ನಾನೂ ಮಾಡಬೇಕು ಅಂತ. ಅಮ್ಮ ಹೊರಗೆ ಕೆಲಸಕ್ಕೆ ಹೋಗುತ್ತಿರಲಿಲ್ಲ ಎನ್ನುವುದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಒಂದು ವರ್ಷ ಡಿಸೆಂಬರ್ 24ರ ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಂದೆ. ಮಲಗಲಿಲ್ಲ. ಹಿಟ್ಟು ನಾದಿದೆ, ಬಾಣಲೆಯಲ್ಲಿ ಎಣ್ಣೆ ಇಟ್ಟೆ. ಎಣ್ಣೆ ಕಾಯುವಷ್ಟು ಹೊತ್ತು ಕೂರೋಣ ಅಂತ ಗೋಡೆಗೆ ಒರಗಿದೆ, ಅಲ್ಲೇ ಕಣ್ಣು ಹತ್ತಿತು. ಎಚ್ಚರವಾದಾಗ ಅಡುಗೆಮನೆ ತುಂಬಾ ಕಪ್ಪು ಹೊಗೆ. ಅತ್ತೆ ಬಂದು ಗ್ಯಾಸ್ ಆರಿಸಿದ್ದರು. ಮಗ ಬಾಗಿಲಲ್ಲಿ ನಿಂತು ಜೋರಾಗಿ ಅಳುತ್ತಿದ್ದ. ಇನ್ನೆರಡು ನಿಮಿಷ ತಡವಾಗಿದ್ದರೆ ಎಣ್ಣೆಗೆ ಬೆಂಕಿ ಹತ್ತುತ್ತಿತ್ತು. ಸುಟ್ಟ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಕೈ ನನ್ನದು. ಏನಾಗಬಹುದಿತ್ತು ಅಂತ ನನಗೆ ಗೊತ್ತು. ಆ ದಿನ ನಾನು ತುಂಬಾ ಅತ್ತುಬಿಟ್ಟೆ.

ಅತ್ತೆ ಬೈಯಲಿಲ್ಲ. ಸಂಜೆ ಚಹಾ ಕುಡಿಯುವಾಗ ಹೇಳಿದರು: "ಹೊಲದಾಗ ಮುಯ್ಯಿ ಮಾಡಿ ರಾಶಿ ಮಾಡ್ತಿದ್ದಿವಿ. ಒಬ್ಬಾಕಿನೇ ಕುಂತು ಯಾರು ರಾಶಿ ಮಾಡ್ಯಾರ? ಕರ್ಚಿಕಾಯಿನೂ ಹಂಗೇ ಮಾಡಾಮು."

ನಿಮಗೆ ನಾನು ಹೇಳಬೇಕಾಗಿರೋದು ಇದೇ. ಮುಯ್ಯಿ ಅಂದರೆ ಇವತ್ತು ನಿಮ್ಮ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀವು ಬರಬೇಕು. ಕೂಲಿ ಇಲ್ಲ, ದುಡಿದ ದಿನಕ್ಕೆ ದಿನ. ಅತ್ತೆ ಹುಮನಾಬಾದ್ ಕಡೆ ಹಳ್ಳಿಯವರು. ಅವರಿಗೆ ಇದು ಹೊಸದೇನಲ್ಲ. ಮುಂದಿನ ವರ್ಷ ಅವರೇ ಓಣಿಯ ನಾಲ್ಕು ಮನೆಗೆ ಹೋಗಿ ಮಾತಾಡಿಕೊಂಡು ಬಂದರು. ನಮ್ಮದೂ ಸೇರಿ ಐದು ಮನೆ. ಅದರಲ್ಲಿ ಒಂದು ಮನೆಯವರು ಟೀಚರ್, ಇನ್ನೊಬ್ಬರು ಅಂಗನವಾಡಿ ಕಾರ್ಯಕರ್ತೆ, ಒಬ್ಬರು ಟೇಲರ್. ಎಲ್ಲರಿಗೂ ಹೊತ್ತಿನ ಕೊರತೆಯೇ.

ನಮ್ಮ ಪದ್ಧತಿ ಹೀಗಿದೆ. ಡಿಸೆಂಬರ್ ಎರಡನೇ ವಾರದಿಂದ ಶುರು. ದಿನಕ್ಕೊಂದು ಮನೆ, ಸಂಜೆ ಆರೂವರೆಯಿಂದ ಒಂಬತ್ತೂವರೆ. ಯಾರ ಮನೆಯ ಸರದಿಯೋ ಅವರದೇ ಹಿಟ್ಟು, ಅವರದೇ ಎಣ್ಣೆ. ಹೂರಣವನ್ನು ಅವರು ಹಿಂದಿನ ದಿನವೇ ಮಾಡಿಟ್ಟಿರಬೇಕು. ಉಳಿದವರು ಮಣೆ, ಲಟ್ಟಣಿಗೆ ಹಿಡಿದು ಬಂದರೆ ಸಾಕು. ಡ್ಯೂಟಿ ಇದ್ದು ಬರಲು ಆಗದಿದ್ದವಳು ಮನೆಯಿಂದ ಇನ್ನೊಬ್ಬರನ್ನು ಕಳಿಸಬೇಕು. ನನ್ನ ಬದಲು ಎಷ್ಟೋ ಸಲ ನಮ್ಮ ಮನೆಯವರೇ ಹೋಗಿದ್ದಾರೆ. ಅವರ ಕೈಯ ಕರ್ಚಿಕಾಯಿ ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ, ನಿಜವಾಗಿ.

ಕರ್ಚಿಕಾಯಿ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಹೊತ್ತು ತಿನ್ನೋದು ಇದೇ. ಮೈದಾಕ್ಕೆ ಸ್ವಲ್ಪ ಚಿರೋಟಿ ರವೆ ಹಾಕಿ, ಚೆನ್ನಾಗಿ ಕಾದ ಎಣ್ಣೆ ಬಿಟ್ಟು, ಗಟ್ಟಿಯಾಗಿ ನಾದಬೇಕು. ಬೀದರಿನ ಡಿಸೆಂಬರ್ ಚಳಿಗೆ ಹಿಟ್ಟು ಬೇಗ ಒಣಗಿ ಮೇಲೆ ತೊಗಲು ಕಟ್ಟುತ್ತದೆ. ಒದ್ದೆ ಬಟ್ಟೆ ಮುಚ್ಚಿಯೇ ಇಡಬೇಕು. ಹೂರಣಕ್ಕೆ ಒಣಕೊಬ್ಬರಿ ತುರಿ, ಪುಟಾಣಿ (ಹುರಿಗಡಲೆ) ಪುಡಿ, ಹುರಿದ ಎಳ್ಳು, ಗಸಗಸೆ, ಸಕ್ಕರೆ ಪುಡಿ, ಏಲಕ್ಕಿ. ಹಸಿ ತೆಂಗಿನಕಾಯಿ ಹಾಕಬೇಡಿ, ನಾಲ್ಕೇ ದಿನಕ್ಕೆ ಕೆಡುತ್ತದೆ. ಲಟ್ಟಿಸಿದ ಹಾಳೆ ಅಂಗೈಯಲ್ಲಿಟ್ಟು, ಒಂದೂವರೆ ಚಮಚ ಹೂರಣ ಹಾಕಿ, ಅಂಚಿಗೆ ನೀರು ಸವರಿ ಮಡಚಬೇಕು. ಮಡಚುವಾಗ ಒಳಗಿನ ಗಾಳಿಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ಹೊರಗೆ ಹಾಕಬೇಕು. ಗಾಳಿ ಉಳಿದರೆ ಎಣ್ಣೆಯಲ್ಲಿ ಉಬ್ಬಿ ಒಡೆಯುತ್ತದೆ. ಒಂದು ಒಡೆದರೆ ಸಾಕು, ಸಕ್ಕರೆ ಸುಟ್ಟು ಎಣ್ಣೆಯೆಲ್ಲ ಕಪ್ಪಾಗಿ ಮುಂದಿನದಕ್ಕೆಲ್ಲ ಕಹಿ ಹತ್ತುತ್ತದೆ. ಅತ್ತೆ ಮಗಳಿಗೆ ಹೇಳುತ್ತಿರುತ್ತಾರೆ, "ಆಸೆ ಮಾಡಿ ಜಾಸ್ತಿ ತುಂಬಬ್ಯಾಡವ್ವಾ, ಎಣ್ಣ್ಯಾಗ ಬಾಯಿ ಬಿಡ್ತಾವ." ಒಂದು ಕಿಲೋ ಹಿಟ್ಟಿಗೆ ನಮಗೆ ಎಪ್ಪತ್ತರ ಸುಮಾರು ಬರುತ್ತವೆ. ಒಬ್ಬಳೇ ಕೂತರೆ ಅರ್ಧ ದಿನದ ಕೆಲಸ. ಐದು ಜನ ಕೂತರೆ ಎರಡು ಕಿಲೋ ಹಿಟ್ಟು ಒಂದೇ ಸಂಜೆಗೆ ಮುಗಿಯುತ್ತದೆ. ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿದರೆ ಹೊಸ ವರ್ಷದವರೆಗೂ ಗರಿಗರಿ ಇರುತ್ತವೆ. ಚಕ್ಕುಲಿ, ಶಂಕರಪಾಳಿಯೂ ಹೀಗೇ. ಲಾಡು ಮಾತ್ರ ಕೊನೆಗೆ ಮಾಡಿ. ಕೇಕು ಬೇಕರಿಯಿಂದ ತರುತ್ತೇವೆ.

ಮುಯ್ಯಿ ಆಸ್ಪತ್ರೆಗೂ ಬಂತು. 24ರ ರಾತ್ರಿ ಡ್ಯೂಟಿಯನ್ನು ನಮ್ಮ ವಾರ್ಡಿನ ಒಬ್ಬ ಮುಸ್ಲಿಂ ಸಹೋದ್ಯೋಗಿ ತಾನಾಗಿ ತೆಗೆದುಕೊಂಡಳು. 25ರ ಬೆಳಗಿನ ಡ್ಯೂಟಿಯನ್ನು ಇನ್ನೊಬ್ಬ ಅಕ್ಕ ನೋಡಿಕೊಂಡರು. ಅದಕ್ಕೆ ಬದಲಾಗಿ ಅವರ ಹಬ್ಬಕ್ಕೆ ನಾನು. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ರಂಜಾನ್ ಹಬ್ಬ ಮರುದಿನವೇ 31ಕ್ಕೆ. ಎರಡೂ ದಿನ ನಾನೇ ನಿಂತೆ. ಕಾಲು ನೋಯುತ್ತಿತ್ತು, ಆದರೆ ಮನಸ್ಸಿಗೆ ಹಿತವಾಗಿತ್ತು. ನಿಮ್ಮ ಆಫೀಸಿನಲ್ಲಿಯೂ ನವೆಂಬರ್‌ನಲ್ಲೇ ಬಾಯಿ ಬಿಟ್ಟು ಕೇಳಿ. ಡಿಸೆಂಬರ್ 20ಕ್ಕೆ ಕೇಳಿದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಇನ್ನು ಕೆಲವನ್ನು ಬಿಟ್ಟೆವು. ಸುಣ್ಣ ಬಣ್ಣವನ್ನು ದಸರಾ ರಜೆಗೆ ತಳ್ಳಿದೆವು. ಮಕ್ಕಳ ಬಟ್ಟೆ ನವೆಂಬರ್ ಮೊದಲ ವಾರದಲ್ಲೇ ಹೊಲಿಯಲು ಕೊಡುತ್ತೇವೆ. ಕಿರಾಣಿ ಸಾಮಾನು ಗಾಂಧಿಗಂಜಿನಿಂದ ಒಂದೇ ಸಲ. 25ರಂದೇ ಎಲ್ಲ ನೆಂಟರ ಮನೆಗೆ ಹೋಗಬೇಕು ಅನ್ನುವ ಓಡಾಟವನ್ನೂ ಬಿಟ್ಟಿದ್ದೇವೆ. ಹೊಸ ವರ್ಷವನ್ನು ಪ್ರಾರ್ಥನೆಯಲ್ಲಿ ಬರಮಾಡಿಕೊಳ್ಳುವ ಡಿಸೆಂಬರ್ 31ರ ರಾತ್ರಿಯ ವಾಚ್‌ನೈಟ್ ಆರಾಧನೆಗೆ ಹೇಗೂ ಎಲ್ಲರೂ ಸಿಗುತ್ತಾರೆ, ಅಲ್ವಾ?

ಬಿಡದೇ ಇರೋದು ಎರಡು.

ಒಂದು, ಸಂಜೆಯ ಕಾಲು ಗಂಟೆ. ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲವನ್ನು ಚರ್ಚಿನಲ್ಲಿ ಅಡ್ವೆಂಟ್ ಅನ್ನುತ್ತಾರೆ, ಕಾಯುವ ಕಾಲ. 2025ರಲ್ಲಿ ಅದು ನವೆಂಬರ್ 30ಕ್ಕೆ ಶುರುವಾಯಿತು. ಮೊದಲ ವಾರ ಒಂದು ಮೇಣದಬತ್ತಿ, ಎರಡನೇ ವಾರ ಎರಡು, ಹೀಗೆ ನಾಲ್ಕರವರೆಗೆ. ನಮ್ಮ ಮನೆಯಲ್ಲಿ ಯಾರು ಇದ್ದಾರೋ ಅಷ್ಟೇ ಜನ ಕೂರುತ್ತೇವೆ. ಒಂದು ಹಾಡು, ಲೂಕನ ಸುವಾರ್ತೆಯಿಂದ ಕೆಲವು ವಚನ, ಆಮೇಲೆ ಪ್ರಾರ್ಥನೆ. ಮಗ ದಿನಾಲೂ ಒಂದೇ ಪ್ರಾರ್ಥನೆ ಮಾಡುತ್ತಾನೆ: "ಪಪ್ಪಾನ ಗಾಡಿ ಸರಿಯಾಗಿ ಬರಲಿ." ನಾನು ನೈಟ್ ಡ್ಯೂಟಿಯಲ್ಲಿದ್ದರೆ ಅತ್ತೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕುತ್ತಾರೆ. ಎರಡು ನಿಮಿಷ ಸಿಕ್ಕರೂ ವಾರ್ಡಿನ ಹೊರಗೆ ನಿಂತು ಕೇಳುತ್ತೇನೆ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಮಾಡೋದೂ ಈ ಹೊತ್ತಿನಲ್ಲೇ, ದಿನಕ್ಕೆ ಸ್ವಲ್ಪ ಸ್ವಲ್ಪ. ಒಂದು ದಿನ ಮಕ್ಕಳು ಗೋದಲಿಗೆ ಹಾಸಲು ಕೆಮ್ಮಣ್ಣು ತರುತ್ತಾರೆ, ನಮ್ಮ ಬೀದರಿನಲ್ಲಿ ಅದಕ್ಕೇನು ಬರ. ಇನ್ನೊಂದು ದಿನ ಜೋಳದ ಕಣಿಕೆ ಕತ್ತರಿಸಿ ಮಾಡು ಹೊದಿಸುತ್ತಾರೆ. ಅಂಗಡಿಯಿಂದ ಬರೋದು ಬೊಂಬೆಗಳು ಮಾತ್ರ. ಬೇಗ ಮುಗಿಸಿ ಅಂತ ನಾನು ಒಂದು ದಿನವೂ ಹೇಳುವುದಿಲ್ಲ.

ಎರಡನೆಯದು, ಕ್ಯಾರಲ್ಸ್ ರಾತ್ರಿ. ಹಬ್ಬಕ್ಕೆ ಕೆಲವು ದಿನ ಮೊದಲು ಚರ್ಚಿನ ಯುವಕರ ತಂಡ ಮನೆ ಮನೆಗೆ ಹಾಡುತ್ತಾ ಬರುತ್ತದೆ. ನಮ್ಮ ಓಣಿಗೆ ಬರುವಾಗ ರಾತ್ರಿ ಒಂದೂವರೆ, ಎರಡು. ಹೋದ ವರ್ಷ ಬಂದ ರಾತ್ರಿ ವಿಪರೀತ ಚಳಿ. ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಮಂಜಿಗೆ ಢೋಲಕಿನ ಚರ್ಮ ಸಡಿಲಾಗಿ ಧ್ವನಿಯೇ ಏಳುತ್ತಿರಲಿಲ್ಲ. ನಮ್ಮ ಬಾಗಿಲ ಮುಂದೆ ಕಣಿಕೆ, ಹಳೇ ಪೇಪರ್ ಹಾಕಿ ಬೆಂಕಿ ಮಾಡಿದೆವು. ಹುಡುಗ ಢೋಲಕನ್ನು ಬೆಂಕಿಯ ಹತ್ತಿರ ಹಿಡಿದು ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ಬಡಿದು ನೋಡುತ್ತಿದ್ದ. ಮೊದಲು "ದಪ್ ದಪ್" ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ "ಟಣ್" ಅಂತು. ಕಂಬಳಿ ಹೊದ್ದು ನಿದ್ದೆಗಣ್ಣಲ್ಲಿದ್ದ ನನ್ನ ಮಗ ಆ ಸದ್ದಿಗೆ ಕಣ್ಣು ಬಿಟ್ಟ. ಆಮೇಲೆ ಹಾಡು ಮುಗಿಯುವವರೆಗೂ ಕಣ್ಣು ಮುಚ್ಚಲಿಲ್ಲ. ನನಗೆ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಇತ್ತು. ಇದ್ದರೇನು, ಆ ರಾತ್ರಿಯನ್ನು ನಾನು ಯಾವ ನಿದ್ದೆಗೂ ಬಿಟ್ಟುಕೊಡುವುದಿಲ್ಲ. ಮಕ್ಕಳನ್ನು ಎಬ್ಬಿಸಬೇಕೋ ಬೇಡವೋ ಅಂತ ನೀವು ಯೋಚಿಸುತ್ತಿದ್ದರೆ, ಎಬ್ಬಿಸಿ.

ತಟ್ಟೆ ಹಂಚುವ ಕೆಲಸ ಮಕ್ಕಳದು. ಇಪ್ಪತ್ತೈದರ ಬೆಳಿಗ್ಗೆ ಚರ್ಚಿನಿಂದ ಬಂದ ಕೂಡಲೇ ಓಣಿಯ ಹಿಂದೂ ಮನೆಗಳಿಗೆ, ಮುಸ್ಲಿಂ ಮನೆಗಳಿಗೆ ಕರ್ಚಿಕಾಯಿ, ಕೇಕು ಹೋಗುತ್ತದೆ. 2024ರಲ್ಲಿ ಎಳ್ಳು ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು, ಕ್ರಿಸ್ಮಸ್ ಆಗಿ ಐದೇ ದಿನಕ್ಕೆ. ನಮ್ಮ ಪಕ್ಕದ ಮನೆಯವರು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ನೈವೇದ್ಯದ ಅಡುಗೆ ಚೆಲ್ಲಿ, ಬಂದರು. ಸಂಜೆ ನಮ್ಮದೇ ತಟ್ಟೆಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಾಳು ಸೊಪ್ಪಿನ ಭಜ್ಜಿ ಬಂತು. ಆ ದಿನ ನಾನು ಅಡುಗೆ ಮಾಡಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಅಡುಗೆ ಇಲ್ಲದ ಒಂದು ಸಂಜೆ ಅಂದರೆ ಎಷ್ಟು ದೊಡ್ಡದು, ನಿಮಗೆ ಗೊತ್ತೇ ಇದೆ.

ಗಂಡನಿಗೆ ರಜೆ ಇಲ್ಲದ ಹಬ್ಬದ ಬಗ್ಗೆ ಕೇಳಿದ್ದಿರಲ್ಲ. ಹೋದ ವರ್ಷ 25ರಂದು ನಮ್ಮವರು ಬೆಳಿಗ್ಗೆ ಐದೂವರೆಗೇ ಡಿಪೋಗೆ ಹೊರಟರು. ಅಷ್ಟೊತ್ತಿಗೇ ಮಕ್ಕಳು ಎದ್ದು ಹೊಸ ಬಟ್ಟೆ ಹಾಕಿ ತೋರಿಸಿದರು. ಅವರು ಹೈದರಾಬಾದ್ ಮುಟ್ಟಿ, ತಿರುಗಿ ಜಹೀರಾಬಾದ್ ದಾಟಿ ಮನೆಗೆ ಬರುವ ಹೊತ್ತಿಗೆ ಸಂಜೆ ಐದು. ಮೊದಲೆಲ್ಲ ನಾವು ಮಧ್ಯಾಹ್ನವೇ ಊಟ ಮಾಡಿ ಅವರದನ್ನು ಮುಚ್ಚಿಡುತ್ತಿದ್ದೆವು. ಅವರು ಒಬ್ಬರೇ ಕೂತು ತಣ್ಣಗಿನ ಬಿರಿಯಾನಿ ತಿನ್ನೋದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಈಗ ಮಧ್ಯಾಹ್ನ ಮಕ್ಕಳಿಗೆ ರೊಟ್ಟಿ ಪಲ್ಯ, ತಿಂಡಿ ಅಷ್ಟೇ. ಬಗಾರಾ ಅನ್ನ, ಮಟನ್ ಸಾರನ್ನು ಮೂರು ಗಂಟೆಗೆ ಒಲೆಗೆ ಇಡುತ್ತೇನೆ. ಹಬ್ಬದ ಊಟ ಐದೂವರೆಗೆ. ಮೊದಲ ವರ್ಷ ಅತ್ತೆಗೆ ಇದು ಸರಿ ಬರಲಿಲ್ಲ, "ಹಬ್ಬದ ಊಟ ಸಂಜಿಗಿ ಯಾರು ಮಾಡ್ತಾರವ್ವಾ" ಅಂದರು. ಹೋದ ವರ್ಷ ಮಗ ನಾಲ್ಕು ಗಂಟೆಗೇ ತಟ್ಟೆ ಹಿಡಿದು ಬಂದಾಗ, "ತಡಿಯೋ, ನಿಮ್ಮಪ್ಪ ಬರ್ಲಿ" ಅಂದವರು ಅವರೇ. ಗೇಟಿನ ಸದ್ದಾದ ಕೂಡಲೇ ಎದ್ದು ಕೈಕಾಲು ತೊಳೆಯಲು ಬಿಸಿನೀರು ಇಟ್ಟವರೂ ಅವರೇ.