ಡೆಮೊದಲ್ಲಿ ಬಾರದ ಮಳೆ ಸದ್ದು

ಹುಡುಗಿ ಬಿಸಿಎ ಎರಡನೇ ವರ್ಷ, ಚಿಕ್ಕಮಗಳೂರಿನ ಒಂದು ಕಾಲೇಜು. ಅಪ್ಪ ಕಾಫಿ ತೋಟದಲ್ಲಿ ರೈಟರು, ಅಂದರೆ ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವವರು. ಗುರುತು ಸಿಗಬಾರದು ಅಂತ ಮನೆಯ ಕೆಲವು ವಿವರ ಬದಲಿಸಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಾನು ಆಪ್ತಸಮಾಲೋಚಕಿ. ಜನವರಿಯಲ್ಲಿ ಅವಳನ್ನು ಅಪ್ಪನೇ ನನ್ನ ಹತ್ತಿರ ಕರೆದುಕೊಂಡು ಬಂದರು. "ಮೇಡಂ, ಇವಳು ಕಾಲೇಜು ಬಿಡ್ತೀನಿ ಅಂತಾಳೆ. ಹತ್ತು ದಿನದಿಂದ ಊಟ ಸರಿ ಇಲ್ಲ, ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ. ಕೊಯ್ಲಿನ ಟೈಮು ಬೇರೆ, ನಂಗೆ ರಜಾ ಸಿಗೋದೇ ಕಷ್ಟ." ಅವರನ್ನು ಟೀ ಕುಡಿಯೋಕೆ ಕಳಿಸಿದೆ. ಮಕ್ಕಳು ಅಪ್ಪ-ಅಮ್ಮನ ಮುಂದೆ ಅರ್ಧ ಮಾತ್ರ ಹೇಳುತ್ತಾರೆ.

ಮೊದಲು ಕೇಳಿದ್ದು ನಿದ್ದೆ, ಊಟ, ಆಮೇಲೆ ನೇರವಾಗಿ: "ಬದುಕೇ ಬೇಡ ಅಂತ ಅನ್ಸುತ್ತಾ?" ಹಾಗೇನಿಲ್ಲ ಅಂದಳು. ಕಣ್ಣು ನೋಡಿಯೇ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಮೊಬೈಲಲ್ಲಿ ಸೇವ್ ಮಾಡಿಸಿದೆ. ಅದು ಉಚಿತ, ರಾತ್ರಿ ಎರಡಕ್ಕೂ ಫೋನ್ ಎತ್ತುತ್ತಾರೆ.

ವಿಷಯ ಇಷ್ಟು. ವೆಬ್ ಮಲ್ಟಿಮೀಡಿಯಾ ಅನ್ನೋ ಪೇಪರಿಗೆ ನಾಲ್ಕು ಜನರ ಗುಂಪು ಒಂದು ಪ್ರಾಜೆಕ್ಟ್ ಮಾಡಬೇಕು. ಇವರದು ಕಾಫಿ, ಹೂವಿನಿಂದ ಲೋಟದವರೆಗೆ. ಪುಟ ತೆರೆದರೆ ಮೊಗ್ಗಿನ ರೆಂಬೆ. ಮೂರು ಸೆಕೆಂಡಿಗೆ ಮಳೆ ಸದ್ದು, ಆಮೇಲೆ ಗಿಡ ಹೂಬಿಟ್ಟು ಬೆಳ್ಳಗಾಗಬೇಕು. ಡಿಸೆಂಬರಿನಲ್ಲಿ ಲ್ಯಾಬ್ ಡೆಮೊ. ಎಲ್ಲರೂ ಕೈಕಟ್ಟಿ ನೋಡುತ್ತಿದ್ದಾರೆ. ಮಳೆ ಬರಲಿಲ್ಲ. "ಸೌಂಡೇ ಇಲ್ವಲ್ಲಮ್ಮ, ಇದೇನು ಮಲ್ಟಿಮೀಡಿಯಾ?" ಅಂದರಂತೆ ಮೇಷ್ಟ್ರು. ಹಿಂದಿನ ಸಾಲಲ್ಲಿ ನಗು. ಅವತ್ತಿಂದ ಅವಳು ಆ ಫೈಲನ್ನೇ ತೆರೆದಿರಲಿಲ್ಲ. ರಾತ್ರಿಯೆಲ್ಲ ನೋಡುತ್ತಿದ್ದದ್ದು ಯೂಟ್ಯೂಬ್ ಪಾಠಗಳನ್ನು. ಅವರು ಬರೆದ ಹಾಗೇ ಬರೆದರೆ ಎಲ್ಲ ಸರಿ ಬರುತ್ತೆ. ವಿಡಿಯೊ ನಿಲ್ಲಿಸಿ ಖಾಲಿ ಪುಟ ತೆರೆದರೆ ಒಂದು ಸಾಲೂ ಹೊಳೆಯಲ್ಲ. "ನಂಗೆ ತಲೇನೇ ಇಲ್ಲ ಮೇಡಂ."

ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. ಇಲ್ಲಿ ಅದೇ ಉಪಯೋಗಕ್ಕೆ ಬಂತು. "ಮಳೆ ಯಾಕೆ ಬರಲಿಲ್ಲ ಅಂತ ನಂಗೆ ಅರ್ಥ ಆಗೋ ಹಾಗೆ ಹೇಳು, ಮುಂದಿನ ವಾರ ಲ್ಯಾಪ್‌ಟಾಪ್ ತಗೊಂಡು ಬಾ" ಅಂದೆ.

ತಂದಳು. ಎಫ್12 ಒತ್ತಿದಳು, ಪಕ್ಕದಲ್ಲಿ ಕನ್ಸೋಲ್ ತೆರೆಯಿತು, ಪುಟದ ತಪ್ಪುಗಳನ್ನು ಬ್ರೌಸರ್ ಬರೆದು ತೋರಿಸುವ ಜಾಗ. ಒಂದು ಕೆಂಪು ಸಾಲು. ನೋಡುವವರು ಪುಟವನ್ನು ಇನ್ನೂ ಮುಟ್ಟಿಲ್ಲ, ಅದಕ್ಕೇ ನುಡಿಸಲಿಲ್ಲ ಅಂತ ಅದರ ಅರ್ಥ. 2018ರಿಂದ ಕ್ರೋಮ್ ಹಾಗೇ ಮಾಡುತ್ತಂತೆ. ಪುಟ ತೆರೆದ ಕೂಡಲೇ ಜಾಹೀರಾತು ಕಿರುಚಬಾರದು ಅಂತ, ಒಮ್ಮೆ ಕ್ಲಿಕ್ ಮಾಡುವ ತನಕ ಸದ್ದನ್ನು ತಡೆಯುತ್ತೆ. ಮನೆಯಲ್ಲಿ ಅವಳು ಅಭ್ಯಾಸಬಲದಿಂದ ಎಲ್ಲೋ ಒಂದು ಕಡೆ ಕ್ಲಿಕ್ ಮಾಡುತ್ತಿದ್ದಳು, ಸದ್ದು ಬರುತ್ತಿತ್ತು. ಲ್ಯಾಬಿನಲ್ಲಿ ಮೌಸ್ ಯಾರೂ ಮುಟ್ಟಿರಲಿಲ್ಲ, ಅಷ್ಟೇ.

"ಇದನ್ನ ಹುಡುಕೋಕೆ ಎಷ್ಟು ಹೊತ್ತು ಆಯ್ತು?" ಅಂದೆ. "ಇಪ್ಪತ್ತು ನಿಮಿಷ." ಹೇಳಿ ತಾನೇ ನಕ್ಕಳು.

ಅಲ್ಲಿಗೆ ಮುಗೀತು ಅನ್ಕೊಂಡೆ. ಮುಗಿದಿರಲಿಲ್ಲ. ಗುಂಪಿನಲ್ಲಿ ಮಿಕ್ಕ ಮೂವರು ಹೆಸರಿಗೆ ಮಾತ್ರ. ಚಿತ್ರ ಬಿಡಿಸೋದು, ಸದ್ದು ಹಿಡಿಯೋದು, ವಿಡಿಯೊ ಕತ್ತರಿಸೋದು, ಕನ್ನಡ ಸಾಲು ಬರೆಯೋದು, ಪುಟವನ್ನು ಓಡಿಸುವ ಜಾವಾಸ್ಕ್ರಿಪ್ಟ್ ಕೋಡ್ ಎಲ್ಲಾ ಇವಳೇ. ಯಾವುದೂ ಪೂರ್ತಿ ಬರದಿದ್ದಕ್ಕೆ ತಲೆ ಇಲ್ಲ ಅನ್ನೋ ತೀರ್ಮಾನ! ಒಬ್ಬಳೇ ಐದು ಜನರ ಕೆಲಸ ಹೊತ್ತುಕೊಂಡು ದಡ್ಡಿ ಅನ್ಕೊಂಡಿದ್ದಳು. ಈ ಮಾತನ್ನು ನಾನು ಸುತ್ತಿ ಬಳಸಿ ಹೇಳುತ್ತಿದ್ದೆ. ಅಷ್ಟರಲ್ಲಿ ಒಳಗೆ ಬಂದ ಅಪ್ಪ ಒಂದೇ ಉಸಿರಲ್ಲಿ ಹೇಳಿಬಿಟ್ಟರು: "ಅಲ್ಲ ಕಣವ್ವ, ನಮ್ ತೋಟದಲ್ಲಿ ಹಣ್ಣು ಕೊಯ್ಯೋರು ಬೇರೆ, ಸಿಪ್ಪೆ ಬಿಡಿಸೋ ಪಲ್ಪರ್ ಮಿಷನ್ ನೋಡ್ಕೊಳ್ಳೋನು ಬೇರೆ, ಕಣದಲ್ಲಿ ಒಣಗಿಸೋರು ಬೇರೆ. ಎಲ್ಲಾ ನಾನೇ ಮಾಡ್ತೀನಿ ಅಂದ್ರೆ ಹಣ್ಣು ಚೀಲದಲ್ಲೇ ಕೊಳೀತದೆ."

ಹಾಗಾಗಿ ನಾನು ಕೊಟ್ಟ ಸಲಹೆಗಿಂತ ಅವರದೇ ಜಾಸ್ತಿ ಕೆಲಸ ಮಾಡಿತು. ನಾನು ಹೇಳಿದ್ದು ಇಷ್ಟು. ಒಂದು ಹಾಳೆಯಲ್ಲಿ ನಾಲ್ವರ ಹೆಸರು ಬರೆದು, ಒಬ್ಬೊಬ್ಬರ ಮುಂದೆ ಒಂದೊಂದೇ ಕೆಲಸ ಹಾಕಿ, ಮೇಷ್ಟ್ರಿಗೆ ತೋರಿಸಿ ಸಹಿ ಹಾಕಿಸಿಕೋ. ದೂರು ಹೇಳೋ ಹಾಗೆ ಬೇಡ, ಪ್ಲಾನ್ ತೋರಿಸೋ ಹಾಗೆ ಇರಲಿ. ವಿಡಿಯೊ ಪಾಠ ನೋಡಿದಷ್ಟೇ ಹೊತ್ತು ವಿಡಿಯೊ ಮುಚ್ಚಿ ಬರಿ. ಮೊದಲ ವಾರ ಒಂದು ಚಿತ್ರ, ಒಂದು ಸದ್ದು, ಒಂದು ಕ್ಲಿಕ್, ಅಷ್ಟೇ ಇರೋ ಪುಟ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಅಡಿಗೆಮನೆಯಲ್ಲಿ ಇರಬೇಕು, ಅವಳ ಕೋಣೆಯಲ್ಲಲ್ಲ.

ಇನ್ನೊಂದು ಕೊರಗು ಇತ್ತು. ನೋಟ್ಸಿನಲ್ಲಿ ಇನ್ನೂ ಎರಡು ಅಧ್ಯಾಯ ಫ್ಲ್ಯಾಶ್, ವೆಬ್ ಪುಟದಲ್ಲಿ ಚಿತ್ರ ಓಡಾಡಿಸುತ್ತಿದ್ದ ಹಳೇ ತಂತ್ರ. ಅಡೋಬಿ ಕಂಪನಿ ಅದನ್ನು 2020ರ ಡಿಸೆಂಬರ್ 31ಕ್ಕೇ ನಿಲ್ಲಿಸಿದೆ. "ಸತ್ತಿರೋದನ್ನ ಬಾಯಿಪಾಠ ಮಾಡ್ತಿದ್ದೀನಿ ಮೇಡಂ" ಅಂದಳು. ಅವಳ ಸಿಟ್ಟು ನ್ಯಾಯವೇ. ಪರೀಕ್ಷೆಗೆ ಬೇಕಾದಷ್ಟು ಓದಿಬಿಡು ಅಂದೆ. ಆದರೆ ಆ ಪಾಠದ ಕೀಫ್ರೇಮ್ (ಚಲನೆಯ ಮುಖ್ಯ ಹಂತಗಳನ್ನು ಗುರುತಿಸೋದು) ಅನ್ನೋದು ಈಗ ಪುಟದ ಅಂದಚಂದ ಹೇಳುವ ಸಿಎಸ್ಎಸ್‌ನಲ್ಲೂ ಅದೇ ಹೆಸರಲ್ಲಿ ಇದೆ ಅಂತ ಎರಡು ವಾರ ಬಿಟ್ಟು ಅವಳೇ ಬಂದು ಹೇಳಿದಳು. ಮೊಗ್ಗು ಅರಳಿಸಿದ್ದು ಅದರಿಂದಲೇ.

ಹಾಳೆ ಕೆಲಸ ಪೂರ್ತಿ ಗೆಲ್ಲಲಿಲ್ಲ. ಮೂವರಲ್ಲಿ ಒಬ್ಬ ಕೊನೆಯವರೆಗೂ ಕೈ ಕೊಟ್ಟ. ಒಬ್ಬಳು ಕನ್ನಡ ಸಾಲುಗಳನ್ನು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿ ಕಳಿಸಿದಳು. ಪುಟದಲ್ಲಿ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಬಂತು, ಎಲ್ಲ ಕಡೆ ಕನ್ನಡವಾಗೇ ಕಾಣುವ ಯೂನಿಕೋಡ್‌ಗೆ ಬದಲಿಸೋಕೆ ಒಂದು ಸಂಜೆ ಹೋಯ್ತು. ಈ ಸಲ ಅವಳು ಅಳಲಿಲ್ಲ, ಬೈದಳು. ನನಗೆ ಅದು ಒಳ್ಳೇ ಲಕ್ಷಣ ಅನ್ನಿಸಿತು.

ನಾಲ್ಕನೇ ಸಲ, ಫೆಬ್ರವರಿಯಲ್ಲಿ, ಅಪ್ಪ-ಮಗಳು ಇಬ್ಬರೂ ಬಂದರು. ಪುಟ ತೆರೆದರೆ ಈಗ ಮೊದಲು ಒಂದು ಗುಂಡಿ: "ಮೋಡ ಮುಟ್ಟಿ". ಅಪ್ಪನ ಕೈಗೆ ಮೌಸ್ ಕೊಟ್ಟಳು. ಅವರು ಮುಟ್ಟಿದರು. ಮಳೆ ಶುರುವಾಯಿತು. ಅವರು ತಲೆ ವಾಲಿಸಿ ಕೇಳಿದರು.

"ಇದು ಹೂಮಳೆ ಅಲ್ಲ."

"ಮಳೆನೇ ಅಲ್ವಾ ಅಪ್ಪ?"

"ಇದು ಜುಲೈದು. ಒಂದೇ ಸಮ ಸುರೀತಾ ಇದೆ. ಹೂಮಳೆ ಹಿಂಗಾ? ಸಾಯಂಕಾಲ ಗುಡುಗಿ, ದಪ್ಪ ಹನಿ ಒಣ ಎಲೆ ಮೇಲೆ ಪಟಪಟ ಅನ್ನುತ್ತೆ. ಹಂಗೆ ಬಿದ್ದು ಎಂಟು-ಹತ್ತು ದಿನಕ್ಕೆ ಹೂವು."

ಅವಳು ನನ್ನ ಮುಖ ನೋಡಿದಳು. ನಿಜ, ಕಳೆದ ಜುಲೈನಲ್ಲಿ ಮನೆ ಜಗಲಿಯಲ್ಲಿ ಮೊಬೈಲಿಗೆ ಹಿಡಿದದ್ದು. ಪ್ರಾಜೆಕ್ಟನ್ನು ಜುಲೈ ಮಳೆಯಲ್ಲೇ ಕೊಟ್ಟಳು, ದಿನ ಇರಲಿಲ್ಲ. ಮಾರ್ಚಿನಲ್ಲಿ ಮೋಡ ಕಟ್ಟಿದರೆ ತೋಟದಿಂದ ಫೋನ್ ಮಾಡ್ತೀನಿ ಅಂತ ಅಪ್ಪ ಒಪ್ಪಿಕೊಂಡಿದ್ದಾರೆ.