ಸಾಲ ಮಾಡುವ ಮೊದಲು ಚೈನು ಅಳೆಯಿರಿ

ಪಡುಬಿದ್ರಿಯ ಓದುಗರೊಬ್ಬರ ಪತ್ರ: "ನನಗೆ 47 ವರ್ಷ. ಹಳೆಯ ಉಕ್ಕಿನ ಗೇರ್ ಸೈಕಲ್ಲಿನಲ್ಲಿ ದಿನಾ 20 ಕಿ.ಮೀ. ತುಳಿಯುತ್ತೇನೆ. ಡಿಸೆಂಬರಿನಲ್ಲಿ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸುವ ಆಸೆ. ಕಾರ್ಬನ್ ಸೈಕಲ್ ಇಲ್ಲದೆ ಆಗದ ಮಾತು ಎನ್ನುತ್ತಾರೆ ಜತೆಯವರು. ಒಂದೂವರೆ ಲಕ್ಷ ಸಾಲ ಮಾಡಲೇ?"

ಸಂಪಾದಕರ ಉತ್ತರ: ದಯವಿಟ್ಟು ಮಾಡಬೇಡಿ. ಕಾರ್ಬನ್ ಹಗುರ, ಏರಿನಲ್ಲಿ ಅದರ ಸುಖವೇ ಬೇರೆ, ಒಪ್ಪಿದೆವು. ಆದರೆ ನೀವು 75 ಕೆ.ಜಿ., ಸೈಕಲ್ 12, ನೀರು-ಚೀಲ 3 ಎಂದಿಟ್ಟುಕೊಳ್ಳಿ; ಒಟ್ಟು 90ರಲ್ಲಿ ಕಾರ್ಬನ್ ಉಳಿಸುವುದು ಮೂರೋ ನಾಲ್ಕೋ ಕೆ.ಜಿ. ಬೈಂದೂರಿನ ಕಡೆಗಿನ ಹೆದ್ದಾರಿಯಲ್ಲಿ ನಿಮ್ಮನ್ನು ಹಿಂದಕ್ಕೆ ಎಳೆಯುವುದು ತೂಕಕ್ಕಿಂತ ಹೆಚ್ಚಾಗಿ ಗಾಳಿ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಅಭ್ಯಾಸಕ್ಕೆ ನಸುಕಿನಲ್ಲೇ ಉತ್ತರಕ್ಕೆ ಹೊರಟು ಮಧ್ಯಾಹ್ನ ದಕ್ಷಿಣಕ್ಕೆ ಮರಳಿದರೆ ಆ ಗಾಳಿ ಬೆನ್ನಿಗಿರುತ್ತದೆ.

ಬ್ರೆವೆ ಪಂದ್ಯವೂ ಅಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಅವಕಾಶ. ತುಳಿಯುವಾಗ ಗಂಟೆಗೆ 20 ಕಿ.ಮೀ. ಹೋದರೆ ಹತ್ತು ಗಂಟೆ ಸಾಕು. ಊಟ, ಪಂಕ್ಚರ್, ದಾರಿಯ ತಪಾಸಣೆಯಲ್ಲಿ ಸವಾರರ ಕಾರ್ಡಿಗೆ ಮುದ್ರೆ ಎಲ್ಲಕ್ಕೂ ಮೂರೂವರೆ ಗಂಟೆ ಕೈಯಲ್ಲಿ ಉಳಿಯುತ್ತದೆ.

ದುಡ್ಡು ಹಾಕಲೇಬೇಕೆಂದಿದ್ದರೆ ಗೇರಿಗೆ ಹಾಕಿ. ಟೂರ್ ಡಿ ಫ್ರಾನ್ಸ್ ಶುರುಮಾಡಿದ ಆನ್ರಿ ದೆಗ್ರಾಂಜ್ ಎಂಬ ಪತ್ರಿಕಾ ಸಂಪಾದಕರು, ಗೇರ್ ಬದಲಿಸುವ ಸೌಕರ್ಯವೆಲ್ಲ 45 ದಾಟಿದವರಿಗೆ ಎಂದು ಬರೆದಿದ್ದರು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಅವರ ಪಂದ್ಯದೊಳಗೆ ಕಾಲಿಟ್ಟದ್ದು 1937ರಲ್ಲಿ. ಅದೇ ಫ್ರಾನ್ಸಿನ ಸೇಂತ್ ಎತಿಯೆನ್ನಿನಲ್ಲಿ 'ವೆಲೋಸಿಯೋ' ಹೆಸರಿನಿಂದ ಬರೆಯುತ್ತಿದ್ದ ಪಾಲ್ ದ ವಿವೀ, ಅವರೂ ಸೈಕಲ್ ಪತ್ರಿಕೆ ನಡೆಸಿದವರೇ, ದೂರ ಹೋಗುವವನಿಗೆ ಗೇರ್ ಬೇಕೇ ಬೇಕು ಎಂದು ಜೀವನವಿಡೀ ವಾದಿಸಿದರು. ನಮ್ಮ ಮತ ವಿವೀ ಅವರಿಗೆ.

ಯಾಕೆಂದರೆ ಆಗುಂಬೆಯ 14 ತಿರುವುಗಳಲ್ಲಿ ಮೊಣಕಾಲು ಉಳಿಸುವುದು ಹಲ್ಲಿನ ಲೆಕ್ಕ. ಮುಂದಿನ ಹಲ್ಲುಚಕ್ರದಲ್ಲಿ 39 ಹಲ್ಲು, ಹಿಂದಿನದರಲ್ಲಿ 25 ಇದ್ದರೆ, ನಿಮಿಷಕ್ಕೆ 60 ಸುತ್ತು ತುಳಿಯಲು ಸುಮಾರು 12 ಕಿ.ಮೀ. ವೇಗ ಬೇಕು. ದಣಿದ ಕಾಲಿಗೆ ಘಾಟಿಯಲ್ಲಿ ಅದು ಸಾಧ್ಯವಿಲ್ಲ. ಮುಂದೆ 34, ಹಿಂದೆ 34 ಇದ್ದರೆ ಅದೇ 60 ಸುತ್ತಿಗೆ ಎಂಟಕ್ಕೂ ಕಡಿಮೆ ವೇಗ ಸಾಕು. ಹಳೆಯ ಗಿಡ್ಡ ಡಿರೇಲರಿಗೆ 34 ಹಲ್ಲು ಹಿಡಿಸುವುದಿಲ್ಲ, ಉದ್ದ ಕೇಜಿನದು (ಚೈನು ಹಿಡಿಯುವ ತೋಳು ಉದ್ದವಿರುವುದು) ಹಾಕಿಸಿ. ಜತೆಗೆ ಚೈನಿನ ಉದ್ದವನ್ನೂ ಹೊಸದಾಗಿ ನೋಡಿಸಬೇಕು. ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿದಾಗ ಚೈನು ಸಾಲದೆ ಬಿಗಿದರೆ ಡಿರೇಲರೇ ಕಿತ್ತು ಬರುತ್ತದೆ.

ಆ ಚೈನನ್ನು ಇವತ್ತೇ ಅಳೆಯಿರಿ. ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು, ಅದನ್ನು ಬಿಟ್ಟು ಮುಂದಿನ 24 ಪಿನ್ ಎಣಿಸಿ. ಹೊಸ ಚೈನಾದರೆ 24ನೆಯದು ಸರಿಯಾಗಿ 12 ಇಂಚಿಗೆ ಕೂರುತ್ತದೆ. ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಬದಲಿಸಿ. ತಡಮಾಡಿದಷ್ಟೂ ಸವೆದ ಚೈನು ಹಲ್ಲುಗಳನ್ನೂ ತಿನ್ನುತ್ತದೆ, ಆಮೇಲೆ ಹೊಸ ಚೈನು ಅದರ ಮೇಲೆ ಜಾರುತ್ತದೆ.

ಟಯರು, ಫ್ರೇಮಿನಲ್ಲಿ ಜಾಗ ಇದ್ದರೆ, 32 ಮಿ.ಮೀ.ನದು ಹಾಕಿ. ನಿಮ್ಮ ತೂಕಕ್ಕೆ ಹಿಂದೆ 65, ಮುಂದೆ 60 ಪಿಎಸ್‌ಐ ಗಾಳಿಯಿಂದ ಶುರುಮಾಡಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ. ಗಾಳಿ ಕಡಿಮೆಯಾಗಿ ಹೊಂಡದ ಅಂಚಿಗೆ ರಿಮ್ಮು ಬಡಿದಿದೆ ಎಂದರ್ಥ. ಮರವಂತೆಯ ಕಡಲಂಚಿನಿಂದ ಬಂದ ದಿನ ಸಿಹಿನೀರಲ್ಲಿ ಒರೆಸಿ, ಒಣಗಿಸಿ, ಚೈನಿಗೆ ಎಣ್ಣೆ ಬಿಡಿ. ಉಕ್ಕಿನ ಫ್ರೇಮಿನೊಳಗಿನ ಅಲ್ಯೂಮಿನಿಯಂ ಸೀಟ್ ಕಂಬವನ್ನು ಎರಡು ತಿಂಗಳಿಗೊಮ್ಮೆ ಹೊರತೆಗೆದು ಗ್ರೀಸ್ ಹಚ್ಚಿ. ಉಪ್ಪುಗಾಳಿಯಲ್ಲಿ ಅವೆರಡೂ ಕಚ್ಚಿಕೊಂಡರೆ ಬೇರ್ಪಡಿಸುವುದು ದೇವರಿಗೇ ಪ್ರೀತಿ.

ಊಟದ ವಿಷಯದಲ್ಲೂ ವಿವೀ ಅವರ ನಿಯಮವೇ ಸರಿ: ಹಸಿಯುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ. ಗಂಟೆಗೆ ಎರಡು ಬಾಳೆಹಣ್ಣು, ಅರ್ಧದಿಂದ ಮುಕ್ಕಾಲು ಲೀಟರ್ ನೀರು. ನಮ್ಮ ಸೆಕೆಗೆ ಬರೀ ನೀರು ಸಾಲದು, ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ನಡುನಡುವೆ ಬೇಕು. ಗೋಳಿಬಜೆ ಏನಿದ್ದರೂ ಬ್ರೆವೆ ಮುಗಿಸಿ ಬಂದ ಮೇಲೆ.

ಇಷ್ಟಕ್ಕೆಲ್ಲ ನೀವು ಹೇಳಿದ ಸಾಲದ ಹತ್ತರಲ್ಲೊಂದು ಪಾಲೂ ಬೇಡ. ಆದರೂ ಜತೆಯವರ ಮಾತಿಗೆ ನೀವು ಅಳುಕಿದಿರಲ್ಲ, ಅದಕ್ಕೆ ನಮಗೆ ಬೇಸರ. ದಿನಾ 20 ಕಿ.ಮೀ. ತುಳಿಯುವವರು ಅಳುಕಬೇಕಾದ ಮಾತೇ ಅದು? ಸೈಕಲ್ ಎಂದರೆ ಬಡವರ ಗಾಡಿ, ಇಲ್ಲವೇ ಲಕ್ಷದ ಆಟಿಕೆ ಎಂದುಕೊಂಡಿದೆ ನಮ್ಮ ಊರು. ನಡುವಿನ ಸವಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆದ್ದಾರಿ ಅಗಲವಾಯಿತು, ಬಿಳಿಗೆರೆಯ ಆಚೆಗೆ ಜಲ್ಲಿ, ಗಾಜಿನ ಚೂರು, ಲಾರಿ ಟಯರಿನ ತಂತಿ. ಸರ್ವಿಸ್ ರಸ್ತೆ ನಡುದಾರಿಯಲ್ಲೇ ಮುಗಿದುಹೋಗುತ್ತದೆ. ಮುಂದೆ ಎದುರಿನಿಂದ ಬರುವ ಬೈಕುಗಳ ಮುಖಕ್ಕೇ ನುಗ್ಗಬೇಕು. ಪೇಟೆಯ ಮೂಲೆಯಲ್ಲಿ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬ್ರೇಕ್ ಶೂ ಪಕ್ಕ ಬೆರಳಿಟ್ಟು ತಿರುಗಿಸಿ, ಎಲ್ಲಿ ಉಜ್ಜುತ್ತದೋ ಅಲ್ಲಿ ಎದುರು ಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿದು ರಿಮ್ಮಿನ ಡೊಂಕು ತೆಗೆಯುತ್ತಿದ್ದ ಕೈಗಳು ಒಂದೊಂದಾಗಿ ಅಂಗಡಿ ಮುಚ್ಚುತ್ತಿವೆ. ನಿಮ್ಮ ಹಳೆಯ ಉಕ್ಕನ್ನು ಅಂಥವರೊಬ್ಬರ ಹತ್ತಿರ ಈ ವಾರವೇ ಒಯ್ಯಿರಿ, ಎರಡೂ ಚಕ್ರದ ಡೊಂಕು ತೆಗೆಸಿ, ಕೇಳಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚೇ ಕೊಡಿ.